ಕಿಂಗ್ ಕೌಂಟಿಯಲ್ಲಿ 911: ತುರ್ತು ವೈದ್ಯಕೀಯ ಸೇವೆಯ ಏರ್ಪಾಡನ್ನು ಅರಿತು ಬಳಸುವ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಬಂದಿಳಿದವರೆಲ್ಲರೂ ಮೊದಲ ವಾರದಲ್ಲೇ ಕಲಿಯುವ ಸಂಗತಿ, ಆಪತ್ತಿನಲ್ಲಿ ಒತ್ತಬೇಕಾದ ಸಂಖ್ಯೆ 911 ಎಂಬುದು. ಆದರೆ ಆ ಸಂಖ್ಯೆ ಒತ್ತಿದ ಮೇಲೆ ಫೋನು ಎತ್ತುವವರು ಯಾರು, ಆಂಬುಲೆನ್ಸ್ ಬೇಕೆಂದರೆ ಬೆಂಕಿ ಆರಿಸುವ ಗಾಡಿ ಏಕೆ ಬರುತ್ತದೆ, ಅದರ ಹಿಂದೆಯೇ ಕೆಲವೊಮ್ಮೆ ಬರುವ ಇನ್ನೊಂದು ವಾಹನದವರು ಯಾರು, ಕೊನೆಗೆ ಆಸ್ಪತ್ರೆಗೆ ಕರೆದೊಯ್ದ ಮೂರನೆಯ ವಾಹನದ ಬಿಲ್ಲು ಎಲ್ಲಿಂದ ಬರುತ್ತದೆ ಎಂಬುದು ಹತ್ತು ವರ್ಷ ಅಲ್ಲೇ ಬಾಳಿದವರಿಗೂ ಸ್ಪಷ್ಟವಿರುವುದಿಲ್ಲ. ರೆಡ್ಮಂಡ್, ಬೆಲ್‌ವ್ಯೂ, ಸಮಾಮಿಶ್, ಬಾಥೆಲ್ ಕಡೆಗಳಲ್ಲಿ ಕನ್ನಡದ ಮನೆಗಳು ಸಾಕಷ್ಟಿವೆ. ಬೇಸಿಗೆ ಬಂತೆಂದರೆ ಆ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದು ತಿಂಗಳುಗಟ್ಟಲೆ ಉಳಿಯುತ್ತಾರೆ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ವಯಸ್ಸು ಅದು. ಅಂತಹ ಮನೆಯವರನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಲಾಗಿದೆ.

ಯಾರ ಕೆಲಸ ಯಾವುದು

2020ರ ಜನಗಣತಿಯ ಪ್ರಕಾರ ಕಿಂಗ್ ಕೌಂಟಿಯ ಜನಸಂಖ್ಯೆ ಸುಮಾರು 22 ಲಕ್ಷ 70 ಸಾವಿರ. ಅದರೊಳಗೆ ಸಿಯಾಟಲ್ ಸೇರಿ 39 ನಗರಗಳಿವೆ. ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ 108 ಸೇವೆಯಲ್ಲಿ ರಾಜ್ಯ ಸರ್ಕಾರ ಒಂದು ಸಂಸ್ಥೆಗೆ ಕೆಲಸ ವಹಿಸಿ, ಎಲ್ಲ ಜಿಲ್ಲೆಗಳಲ್ಲೂ ವಾಹನಗಳನ್ನು ಓಡಿಸಿದ್ದನ್ನು ಕಂಡವರು ಇಲ್ಲಿಯೂ ಅಂಥದ್ದನ್ನೇ ಹುಡುಕಿದರೆ ಗೊಂದಲಕ್ಕೆ ಬೀಳುತ್ತಾರೆ. ಕಿಂಗ್ ಕೌಂಟಿಯ ಸೇವೆ ಹಲವು ಸಂಸ್ಥೆಗಳ ಕೂಡುಕೆಲಸ. ಕಾನೂನು ಮಾಡುವುದು, ಸಿಬ್ಬಂದಿಗೆ ಅರ್ಹತಾ ಪತ್ರ ಕೊಡುವುದು, ಆಸ್ಪತ್ರೆಗಳನ್ನು ದರ್ಜೆಗೆ ಸೇರಿಸುವುದು ರಾಜ್ಯದ ಪಾಲಿನ ಕೆಲಸ. ಯೋಜನೆ, ಹಣದ ಹಂಚಿಕೆ, ತರಬೇತಿ, ಗುಣಮಟ್ಟದ ಪರಿಶೀಲನೆ ಇವನ್ನು ಕೌಂಟಿಯ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿರುವ ತುರ್ತು ವೈದ್ಯಕೀಯ ಸೇವಾ ವಿಭಾಗ ನೋಡಿಕೊಳ್ಳುತ್ತದೆ. ಮನೆ ಬಾಗಿಲಿಗೆ ಬರುವ ಕೈಗಳೂ ವಾಹನಗಳೂ ಬಹುಮಟ್ಟಿಗೆ ನಗರಗಳ ಮತ್ತು ಅಗ್ನಿಶಾಮಕ ಜಿಲ್ಲೆಗಳ (ಬೆಂಕಿ ಆರಿಸುವ ಸೇವೆಗೆಂದೇ ಇರುವ ಸ್ಥಳೀಯ ಸಂಸ್ಥೆಗಳ) ಸ್ವತ್ತು. ಇವುಗಳ ಜೊತೆಗೆ ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯ ವೈದ್ಯರು, ಖಾಸಗಿ ಆಂಬುಲೆನ್ಸ್ ಕಂಪನಿಗಳು, ಫೋನು ಎತ್ತುವ ಕೇಂದ್ರಗಳು ಸೇರಿಕೊಳ್ಳುತ್ತವೆ.

ಒಂದು ಮನೆಯನ್ನು ತೆಗೆದುಕೊಂಡು ನೋಡಿದರೆ ಇದು ಬೇಗ ತಿಳಿಯುತ್ತದೆ. ಸಮಾಮಿಶ್ ನಗರದ ಮನೆಯೊಂದರಿಂದ 911 ಕರೆ ಹೋಯಿತು ಎಂದುಕೊಳ್ಳೋಣ. ಆ ನಗರ ತನ್ನ ಪೊಲೀಸ್ ಕೆಲಸವನ್ನು ಕೌಂಟಿಯ ಶೆರಿಫ್ ಕಚೇರಿಗೆ ವಹಿಸಿರುವುದರಿಂದ ಕರೆ ಮೊದಲು ಶೆರಿಫರ ಕೇಂದ್ರಕ್ಕೆ ತಲುಪುತ್ತದೆ. ವೈದ್ಯಕೀಯ ಕರೆ ಎಂದು ಗೊತ್ತಾದೊಡನೆ ಬೆಲ್‌ವ್ಯೂನಲ್ಲಿರುವ ನಾರ್‌ಕಾಮ್ ಎಂಬ ಕೇಂದ್ರಕ್ಕೆ ಅದನ್ನು ದಾಟಿಸುತ್ತಾರೆ. ಹತ್ತಿರದ ಠಾಣೆಯಿಂದ ಈಸ್ಟ್‌ಸೈಡ್ ಫೈರ್ ಅಂಡ್ ರೆಸ್ಕ್ಯೂ ದಳದವರು ಹೊರಡುತ್ತಾರೆ. ಪ್ರಾಣಕ್ಕೆ ಅಪಾಯವಿದೆ ಎಂದು ಕಂಡರೆ ಬೆಲ್‌ವ್ಯೂ ಅಗ್ನಿಶಾಮಕ ದಳದ ಮೆಡಿಕ್ ಘಟಕವೂ (ಹೆಚ್ಚಿನ ತರಬೇತಿ ಪಡೆದವರಿರುವ ವಾಹನ) ಜೊತೆಯಲ್ಲೇ ಹೊರಡುತ್ತದೆ. ಅಪಾಯ ಕಡಿಮೆಯಿದ್ದರೆ ಆಸ್ಪತ್ರೆಗೆ ಒಯ್ಯಲು ಖಾಸಗಿ ಆಂಬುಲೆನ್ಸ್ ಬರಬಹುದು. ಅದೇ ಕರೆ ದಕ್ಷಿಣದ ಕೆಂಟ್ ನಗರದಿಂದ ಹೋಗಿದ್ದರೆ ಹೆಸರುಗಳೆಲ್ಲ ಬದಲಾಗುತ್ತವೆ: ಫೋನು ಎತ್ತುವುದು ವ್ಯಾಲಿ ಕಾಮ್, ಮೊದಲು ಬರುವುದು ಪ್ಯುಜೆಟ್ ಸೌಂಡ್ ಫೈರ್, ಮೆಡಿಕ್ ಘಟಕ ಕೌಂಟಿಯದೇ. ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಕರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿದಾಗ ಅಥವಾ ಮನೆ ಮುಂದೆ ಬೇರೆ ಬೇರೆ ಹೆಸರಿನ ಎರಡು ವಾಹನ ನಿಂತಾಗ, ಏನೋ ತಪ್ಪಾಗಿದೆ ಎಂದು ಗಾಬರಿಗೊಳ್ಳದಿರಲು ಇಷ್ಟು ತಿಳಿದಿದ್ದರೆ ಸಾಕು.

ಬರುವವರಲ್ಲಿ ಎರಡು ದರ್ಜೆಗಳಿವೆ. ಮೊದಲ ದರ್ಜೆಯವರು ಇಎಂಟಿಗಳು, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಇವರಲ್ಲಿ ಹೆಚ್ಚಿನವರು ಅಗ್ನಿಶಾಮಕ ದಳದವರೇ. ಎಂಜಿನ್ ಗಾಡಿಯಲ್ಲೋ ಏಡ್ ಕಾರ್ ಎಂದು ಅಲ್ಲಿ ಕರೆಯುವ ವಾಹನದಲ್ಲೋ ಬರುತ್ತಾರೆ. ಉಸಿರು, ನಾಡಿ, ರಕ್ತಸ್ರಾವ ನೋಡುವುದು, ಆಮ್ಲಜನಕ ಕೊಡುವುದು, ಎದೆ ಒತ್ತುವುದು, ಎಇಡಿ ಯಂತ್ರದಿಂದ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವುದು ಇವರಿಗೆ ಬರುತ್ತದೆ. ಎರಡನೆಯ ದರ್ಜೆಯವರು ಪ್ಯಾರಾಮೆಡಿಕ್‌ಗಳು. ಒಂದು ಮೆಡಿಕ್ ಘಟಕದಲ್ಲಿ ಇಬ್ಬರಿರುತ್ತಾರೆ. ಇಸಿಜಿ ತೆಗೆದು ಓದುವುದು, ರಕ್ತನಾಳಕ್ಕೆ ಔಷಧಿ ಕೊಡುವುದು, ಉಸಿರ್ನಾಳಕ್ಕೆ ಕೊಳವೆ ಹಾಕುವುದು ಇವರ ಕೆಲಸ. ಹಾರ್ಬರ್‌ವ್ಯೂನಲ್ಲಿ ಎರಡು ಸಾವಿರ ಗಂಟೆಗೂ ಮಿಕ್ಕಿ ತರಬೇತಿ ಪಡೆದೇ ಇವರು ಘಟಕ ಹತ್ತುತ್ತಾರೆ. ಅಗ್ನಿಶಾಮಕ ಠಾಣೆ ಊರಿಗೆ ಹಲವಿದ್ದರೆ, ಇಡೀ ಕೌಂಟಿಗೆ ಇರುವ ಮೆಡಿಕ್ ಘಟಕಗಳು ಇಪ್ಪತ್ತೈದರ ಆಸುಪಾಸು. ಅವನ್ನು ನಡೆಸುವವರು ಇತ್ತೀಚಿನ ವರ್ಷಗಳಲ್ಲಿ ಐವರು: ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಮತ್ತು ಶೋರ್‌ಲೈನ್ ಅಗ್ನಿಶಾಮಕ ದಳಗಳು, ದಕ್ಷಿಣ ಭಾಗಕ್ಕೆ ಕೌಂಟಿ ಸ್ವತಃ.

ಘಟಕಗಳನ್ನು ಇಷ್ಟು ಕಡಿಮೆ ಇಟ್ಟಿರುವುದು ಹಣವಿಲ್ಲದೆ ಅಲ್ಲ. ಪ್ಯಾರಾಮೆಡಿಕ್‌ಗಳನ್ನು ಸರಿಸುಮಾರು ನಾಲ್ಕು ಕರೆಗಳಲ್ಲಿ ಒಂದಕ್ಕೆ ಮಾತ್ರ ಕಳುಹಿಸುವುದರಿಂದ, ಅವರು ನೋಡುವ ರೋಗಿಗಳೆಲ್ಲ ಗಂಭೀರ ಸ್ಥಿತಿಯವರೇ ಆಗಿರುತ್ತಾರೆ, ಕೈ ಪಳಗಿರುತ್ತದೆ. ಎಲ್ಲ ಎಂಜಿನ್‌ಗಳಲ್ಲೂ ಪ್ಯಾರಾಮೆಡಿಕ್ ಇರಬೇಕೆಂದು ಹಟ ಹಿಡಿದ ಕೌಂಟಿಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಅಂತಹ ಕಡೆ ಒಬ್ಬೊಬ್ಬ ಪ್ಯಾರಾಮೆಡಿಕ್‌ಗೆ ಕಠಿಣ ಸಂದರ್ಭಗಳು ಅಪರೂಪವಾಗಿ ಒದಗುತ್ತವೆ. ನನ್ನ ಮಟ್ಟಿಗೆ ಕಿಂಗ್ ಕೌಂಟಿಯ ಈ ಜಿಪುಣತನವೇ ಅದರ ಜಾಣತನ.

ಈ ಪದ್ಧತಿ ಬೆಳೆದ ಬಗೆಯೂ ಹೇಳತಕ್ಕದ್ದೇ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಡ್ಜ್ ಎಂಬ ಹೃದ್ರೋಗ ತಜ್ಞರು 1966ರಲ್ಲಿ ಆಸ್ಪತ್ರೆಯ ಹೃದಯ ಚಿಕಿತ್ಸೆಯನ್ನೇ ವಾಹನದಲ್ಲಿಟ್ಟು ರೋಗಿಯ ಬಳಿಗೆ ಒಯ್ಯತೊಡಗಿದ್ದರು. ಅದನ್ನು ಓದಿ ತಿಳಿದ ಹಾರ್ಬರ್‌ವ್ಯೂನ ಡಾ. ಲೆನರ್ಡ್ ಕಾಬ್, ಸಿಯಾಟಲ್ ಅಗ್ನಿಶಾಮಕ ದಳದ ಮುಖ್ಯಸ್ಥ ಗಾರ್ಡನ್ ವಿಕರಿ ಅವರೊಡನೆ ಸೇರಿ, ವೈದ್ಯರ ಬದಲು ಅಗ್ನಿಶಾಮಕ ದಳದವರಿಗೇ ಈ ವಿದ್ಯೆ ಕಲಿಸಿದರು. 1970ರ ಮಾರ್ಚಿನಲ್ಲಿ ಮೆಡಿಕ್ ಒನ್ ಎಂಬ ಹೆಸರಿನಲ್ಲಿ ಮೊದಲ ವಾಹನ ಹೊರಟಿತು. ಅದರ ಗಾತ್ರ ನೋಡಿ ಜನ 'ಮೋಬಿ ಪಿಗ್' ಎಂದು ಅಡ್ಡಹೆಸರಿಟ್ಟಿದ್ದರು. ಮುಂದೆ ಅದು ಕೌಂಟಿಯುದ್ದಕ್ಕೂ ಹರಡಿತು. ಅಂದಿನಿಂದ ಇಂದಿನವರೆಗೆ ಬಿಡದೆ ಬಂದಿರುವ ಒಂದು ನಿಯಮ, ವೈದ್ಯರ ಹಿಡಿತ. ರಾಜ್ಯದ ಮಾನ್ಯತೆ ಪಡೆದ ವೈದ್ಯಕೀಯ ನಿರ್ದೇಶಕರೊಬ್ಬರು ಕೌಂಟಿಗೆ ಇರುತ್ತಾರೆ. ಇಎಂಟಿಯಾಗಲಿ ಪ್ಯಾರಾಮೆಡಿಕ್ ಆಗಲಿ ಅವರು ಹಾಕಿಕೊಟ್ಟ ಕ್ರಮದ ಒಳಗೇ ಕೆಲಸ ಮಾಡಬೇಕು. ವಾಹನದಲ್ಲಿ ಡಾಕ್ಟರ್ ಇಲ್ಲವೇ ಎಂದು ಊರಿನಿಂದ ಬಂದ ಹಿರಿಯರು ಕೇಳುವುದುಂಟು. ಡಾಕ್ಟರ್ ಇರುವುದಿಲ್ಲ, ಆದರೆ ಅಲ್ಲಿ ಆಗುವ ಪ್ರತಿಯೊಂದು ಚಿಕಿತ್ಸೆಗೂ ಡಾಕ್ಟರರೊಬ್ಬರು ಹೊಣೆಗಾರರು ಎಂದು ಅವರಿಗೆ ಹೇಳಬಹುದು.

ಕರೆ ಮಾಡುವ ಕ್ರಮ

ಈ ಏರ್ಪಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ವಾಹನ ಹೊರಡುವುದಕ್ಕೂ ಮೊದಲು, ಫೋನಿನಲ್ಲಿ ನಡೆಯುತ್ತದೆ. ಹೃದಯ ನಿಂತ ವ್ಯಕ್ತಿಗೆ ಯಾರೂ ಎದೆ ಒತ್ತದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಸಿಯುತ್ತದೆ. ಠಾಣೆ ಎಷ್ಟೇ ಹತ್ತಿರವಿರಲಿ, ಗಾಡಿ ಹೊರಟು, ಬಾಗಿಲು ಹುಡುಕಿ, ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ನಾಲ್ಕೈದು ನಿಮಿಷ ಕಳೆದಿರುತ್ತದೆ. ಆ ನಿಮಿಷಗಳಲ್ಲಿ ಮನೆಯವರ ಕೈಯನ್ನೇ ಬಳಸಿಕೊಳ್ಳಬೇಕೆಂದು 1980ರ ದಶಕದ ಆರಂಭದಲ್ಲಿ ಕಿಂಗ್ ಕೌಂಟಿಯಲ್ಲಿ ಡಾ. ಮಿಕಿ ಐಸನ್‌ಬರ್ಗ್ ಮತ್ತು ಸಂಗಡಿಗರು ಫೋನಿನಲ್ಲೇ ಸಿಪಿಆರ್ (ಎದೆ ಒತ್ತಿ ಜೀವ ಉಳಿಸುವ ಕ್ರಿಯೆ) ಹೇಳಿಕೊಡುವ ಕ್ರಮವನ್ನು ರೂಪಿಸಿದರು. ಇಂದು ಜಗತ್ತಿನ ಎಷ್ಟೋ ಕಡೆ ಇದು ರೂಢಿಯಲ್ಲಿದೆ.

ಕರೆ ಹೋದೊಡನೆ ಮೊದಲು ಕೇಳುವುದು ಸ್ಥಳ. ಮೊಬೈಲ್ ಫೋನಿನಿಂದ ಸ್ಥಳ ತಾನಾಗಿ ಗೊತ್ತಾಗುತ್ತದೆ ಎಂದು ನೆಚ್ಚಿ ಕೂರಬಾರದು. ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಅದು ಸುತ್ತಮುತ್ತಲ ಜಾಗವನ್ನು ತೋರಿಸಬಹುದೇ ಹೊರತು ಮೂರನೆಯ ಮಹಡಿಯ ಬಾಗಿಲನ್ನಲ್ಲ. ಮನೆ ಸಂಖ್ಯೆ, ಬೀದಿ, ನಗರ, ಕಟ್ಟಡದ ಅಕ್ಷರ ಅಥವಾ ಸಂಖ್ಯೆ, ಗೇಟಿನ ಕೋಡ್ ಇವಿಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡುವುದು ಒಳ್ಳೆಯದು. ಇಲ್ಲಿನ ಬೀದಿ ಹೆಸರುಗಳಲ್ಲಿ ಎನ್‌ಇ, ಎಸ್‌ಇ ಎಂಬ ದಿಕ್ಕಿನ ಅಕ್ಷರಗಳು ಅಲಂಕಾರಕ್ಕಲ್ಲ. ಅದನ್ನು ತಪ್ಪಿ ಹೇಳಿದರೆ ಅದೇ ಸಂಖ್ಯೆಯ ಬೀದಿ ಊರಿನ ಇನ್ನೊಂದು ಮೂಲೆಯಲ್ಲಿ ಸಿಕ್ಕೀತು.

ನಂತರ ಕರೆ ಇನ್ನೊಂದು ಕೇಂದ್ರಕ್ಕೆ ದಾಟುವಾಗ ಒಂದೆರಡು ಕ್ಷಣ ಮೌನವಿರಬಹುದು. ಆಗ ಫೋನು ಇಡಬಾರದು. ಎರಡನೆಯ ಕೇಂದ್ರದಲ್ಲಿ ಮಾತಿಗೆ ಸಿಗುವ ಡಿಸ್ಪ್ಯಾಚರ್ (ಗಾಡಿ ಕಳುಹಿಸುವವರು) ಎರಡು ಪ್ರಶ್ನೆಗಳನ್ನು ಖಂಡಿತ ಕೇಳುತ್ತಾರೆ: ಅವರಿಗೆ ಪ್ರಜ್ಞೆ ಇದೆಯೇ, ಸರಿಯಾಗಿ ಉಸಿರಾಡುತ್ತಿದ್ದಾರೆಯೇ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅವರು ತಡ ಮಾಡದೆ ಸಿಪಿಆರ್ ಹೇಳಿಕೊಡಲು ಆರಂಭಿಸುತ್ತಾರೆ. ಇಲ್ಲಿ ನಮ್ಮವರು ಎಡವುವುದು ಎರಡನೆಯ ಪ್ರಶ್ನೆಯಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಗೊರಕೆಯಂತೆ, ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಉಸಿರೆಳೆಯುತ್ತಾರೆ. ನಮ್ಮ ಮನೆಗಳಲ್ಲಿ ಮೇಲುಸಿರು ಎನ್ನುವುದು ಇದನ್ನೇ. ಅದು ಉಸಿರಾಟವಲ್ಲ. 'ಉಸಿರಾಡುತ್ತಿದ್ದಾರೆ' ಎಂದು ಹೇಳಿಬಿಟ್ಟರೆ ಡಿಸ್ಪ್ಯಾಚರ್ ಬೇರೆ ಪ್ರಶ್ನೆಗಳತ್ತ ಹೊರಳುತ್ತಾರೆ, ಅಮೂಲ್ಯವಾದ ಸಮಯ ಹೋಗುತ್ತದೆ. ಎದೆ ಎಂದಿನ ಲಯದಲ್ಲಿ ಏರಿಳಿಯುತ್ತಿಲ್ಲ ಎಂದರೆ, 'ಸರಿಯಾಗಿ ಉಸಿರಾಡುತ್ತಿಲ್ಲ' ಎಂದೇ ಹೇಳಬೇಕು. ಅನುಮಾನವಿದ್ದರೆ ಫೋನನ್ನು ಸ್ಪೀಕರಿಗೆ ಹಾಕಿ ಆ ಸದ್ದನ್ನು ಅವರಿಗೆ ಕೇಳಿಸಬಹುದು.

ಅವರು ಹೇಳುವುದನ್ನು ಮಾಡುವುದಕ್ಕೆ ಮೊದಲೇ ಕಲಿತಿರಬೇಕೆಂದಿಲ್ಲ. ವ್ಯಕ್ತಿಯನ್ನು ಹಾಸಿಗೆಯಿಂದಲೋ ಸೋಫಾದಿಂದಲೋ ಗಟ್ಟಿ ನೆಲಕ್ಕೆ ಇಳಿಸಿ ಅಂಗಾತ ಮಲಗಿಸಬೇಕು. ಎದೆಯ ನಡುವೆ ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ, ಎರಡು ಇಂಚಿನಷ್ಟು ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಪ್ರತಿ ಒತ್ತಿಗೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಡಿಸ್ಪ್ಯಾಚರ್ ಜೊತೆಯಲ್ಲೇ ಎಣಿಸುತ್ತಿರುತ್ತಾರೆ. ಅಮ್ಮನಿಗೆ ನೋವಾದೀತು, ಪಕ್ಕೆಲುಬು ಮುರಿದೀತು ಎಂಬ ಹಿಂಜರಿಕೆ ಸಹಜ. ಎಲುಬು ಮುರಿದರೂ ಕೂಡುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಬಾಗಿಲ ಚಿಲಕ ತೆಗೆದು, ಹೊರಗಿನ ದೀಪ ಹಾಕಿ, ನಾಯಿಯಿದ್ದರೆ ಕೋಣೆಯಲ್ಲಿ ಕೂಡಿ, ರಸ್ತೆಯ ಬದಿಗೆ ಹೋಗಿ ನಿಲ್ಲಬೇಕು.

ಇಷ್ಟೆಲ್ಲ ಪ್ರಶ್ನೆ ಕೇಳುತ್ತಾ ಕೂತಿದ್ದಾರಲ್ಲ, ಗಾಡಿ ಕಳಿಸಬಾರದೇ ಎಂದು ಸಿಟ್ಟಾಗುವವರುಂಟು. ಮೊದಲ ಉತ್ತರಗಳು ಸಿಕ್ಕಾಗಲೇ ಗಾಡಿ ಹೊರಟಿರುತ್ತದೆ. ಉಳಿದ ಪ್ರಶ್ನೆಗಳು ಮೆಡಿಕ್ ಘಟಕವೂ ಬೇಕೇ, ಸೈರನ್ ಬೇಕೇ ಎಂದು ತೀರ್ಮಾನಿಸಲಿಕ್ಕೆ.

ಮನೆಯಲ್ಲಿ ಹಿರಿಯರಿಬ್ಬರೇ ಇರುವ ಹೊತ್ತಿಗೂ ಸಿದ್ಧತೆ ಬೇಕು. ಇಲ್ಲಿ 108 ಒತ್ತಿದರೆ ಪ್ರಯೋಜನವಿಲ್ಲ ಎಂಬುದನ್ನು ಅವರಿಗೆ ಮೊದಲ ದಿನವೇ ಹೇಳಿರಬೇಕು. ಇಂಗ್ಲಿಷ್ ಬಾರದಿದ್ದರೆ 'ಕನ್ನಡ' ಎಂದು ಭಾಷೆಯ ಹೆಸರನ್ನು ಸ್ಪಷ್ಟವಾಗಿ ಹೇಳಿದರೆ ಕೇಂದ್ರದವರು ದುಭಾಷಿಯನ್ನು ಫೋನಿನಲ್ಲಿ ಜೋಡಿಸಲು ನೋಡುತ್ತಾರೆ. ಅದಕ್ಕೆ ಸಮಯ ಹಿಡಿಯುವುದರಿಂದ ವಿಳಾಸವನ್ನೂ, ಎದೆನೋವು, ಉಸಿರು, ಪ್ರಜ್ಞೆ ಎಂಬುದಕ್ಕೆ ಇಂಗ್ಲಿಷಿನ ನಾಲ್ಕು ಮಾತನ್ನೂ ಕನ್ನಡ ಲಿಪಿಯಲ್ಲೇ ಬರೆದು ಫೋನಿನ ಬಳಿ ಇಡುವುದು ಮೇಲು. ಮಗನಿಗೆ ಕರೆ ಮಾಡಿ, ಅವನು ಆಫೀಸಿನಿಂದ 911ಕ್ಕೆ ಕರೆ ಮಾಡುವ ಸುತ್ತುದಾರಿ ಬೇಡ: ಆಫೀಸಿನಲ್ಲಿರುವವನಿಗೆ ರೋಗಿಯ ಉಸಿರು ಕಾಣುವುದಿಲ್ಲ. ಹಣ ತುಂಬಿಸದೆ ಬಿಟ್ಟ ಮೊಬೈಲಿನಿಂದಲೂ 911 ಕರೆ ಹೋಗುತ್ತದೆ, ಆದರೆ ಕರೆ ಕಡಿದರೆ ಕೇಂದ್ರದವರು ಆ ಫೋನಿಗೆ ತಿರುಗಿ ಕರೆಯಲಾರರು. ಕೈ ತಪ್ಪಿ 911 ಒತ್ತಿಬಿಟ್ಟರೆ ಹೆದರಿ ಫೋನು ಇಡದೆ, ತಪ್ಪಾಗಿ ಬಂತೆಂದು ಹೇಳಿದರಾಯಿತು.

ಮನೆಯೊಳಗೆ ಬಂದ ಮೇಲೆ

ಇಎಂಟಿಗಳು ಒಳಗೆ ಬಂದರೆಂದರೆ ಒಮ್ಮೆಗೇ ನಾಲ್ಕೈದು ಜನ ಬೂಟು ಹಾಕಿಕೊಂಡೇ ದೇವರ ಕೋಣೆಯ ಮುಂದೆ ಓಡಾಡಿದರೂ ಸುಮ್ಮನಿರಬೇಕು. ಹೃದಯ ನಿಂತಿದ್ದರೆ ಅವರು ಅಲ್ಲೇ ನೆಲದ ಮೇಲೆ ಬಹಳ ಹೊತ್ತು ಕೆಲಸ ಮಾಡುತ್ತಾರೆ, ಎತ್ತಿಕೊಂಡು ಓಡುವುದಿಲ್ಲ. ಎರಡೆರಡು ನಿಮಿಷಕ್ಕೆ ಒತ್ತುವವರು ಬದಲಾಗುತ್ತಾರೆ, ನಡುವೆ ಕೆಲವೇ ಕ್ಷಣ ಬಿಡುವು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ನಾವು ಕೂಗಿಕೊಂಡರೂ ಅವರು ಕದಲದಿರುವುದಕ್ಕೆ ಕಾರಣವಿದೆ: ಓಡುವ ಗಾಡಿಯಲ್ಲಿ ಎದೆ ಒತ್ತುವುದು ನೆಲದ ಮೇಲಿನಷ್ಟು ಚೆನ್ನಾಗಿ ಆಗದು, ಮತ್ತು ಆಸ್ಪತ್ರೆಯಲ್ಲಿ ಮೊದಲು ಮಾಡುವ ಚಿಕಿತ್ಸೆಯಲ್ಲಿ ಬಹುಪಾಲು ಮೆಡಿಕ್ ಘಟಕದವರ ಕೈಯಲ್ಲೇ ಇದೆ. ಕಣ್ಣೆದುರಿಗೆ ಕುಸಿದು, ವಿದ್ಯುತ್ ಆಘಾತಕ್ಕೆ ಒಗ್ಗುವ ಲಯದಲ್ಲಿ ಹೃದಯ ನಿಂತವರ ಪೈಕಿ ಅರ್ಧದಷ್ಟು, ಒಳ್ಳೆಯ ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಇಲ್ಲಿ ಬದುಕಿ ಮನೆಗೆ ಹೋಗುತ್ತಾರೆ. ಕೌಂಟಿ ಹೆಮ್ಮೆಯಿಂದ ಹೇಳಿಕೊಳ್ಳುವ ಈ ಲೆಕ್ಕ ಆ ಒಂದು ಗುಂಪಿನವರದು ಮಾತ್ರ, ಹೃದಯ ನಿಂತ ಎಲ್ಲರದ್ದಲ್ಲ ಎಂಬುದನ್ನೂ ಗಮನಿಸಬೇಕು.

ಪ್ರಜ್ಞೆಯಿರುವ ರೋಗಿಯಾದರೆ ಅವರಿಗೆ ಬೇಕಾಗುವುದು ಮಾಹಿತಿ, ಅದರಲ್ಲೂ ಔಷಧಿಗಳ ಪಟ್ಟಿ. ಊರಿನಿಂದ ತಂದ ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನಲ್ಲಿ ಬರೆದಿಟ್ಟರೆ ಸಾಲದು, ಏಕೆಂದರೆ ಆ ಹೆಸರುಗಳು ಇಲ್ಲಿನ ಪ್ಯಾರಾಮೆಡಿಕ್‌ಗೆ ಏನನ್ನೂ ಹೇಳುವುದಿಲ್ಲ. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್, ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್, ಎಲ್ಟ್ರಾಕ್ಸಿನ್ ಎಂದರೆ ಲಿವೋಥೈರಾಕ್ಸಿನ್ ಎಂದು ಮದ್ದಿನ ಮೂಲ ಹೆಸರನ್ನೂ ಪ್ರಮಾಣವನ್ನೂ ಇಂಗ್ಲಿಷಿನಲ್ಲಿ ಬರೆದಿಡಬೇಕು. ಡೋಲೋದಲ್ಲಿರುವ ಪ್ಯಾರಾಸಿಟಮಾಲನ್ನೂ ಇಲ್ಲಿ ಅಸೆಟಮಿನೋಫೆನ್ ಎಂದೇ ಬರೆಯಬೇಕು. ಹೃದಯದ ಕವಾಟ ಬದಲಿಸಿಕೊಂಡ ಎಷ್ಟೋ ಹಿರಿಯರು ತೆಗೆದುಕೊಳ್ಳುವ ಅಸಿಟ್ರೋಮ್ ಬಗ್ಗೆ ವಿಶೇಷ ಎಚ್ಚರ ಬೇಕು: ಅದರಲ್ಲಿರುವ ಅಸೆನೋಕೂಮರಾಲ್ ಅಮೆರಿಕದಲ್ಲಿ ಬಳಕೆಯಲ್ಲೇ ಇಲ್ಲ, ಆದ್ದರಿಂದ ಪಟ್ಟಿಯಲ್ಲಿ 'ವಾರ್ಫರಿನ್ ತರಹದ, ರಕ್ತ ತೆಳುವಾಗಿಸುವ ಮದ್ದು' ಎಂದು ಪಕ್ಕದಲ್ಲೇ ಬರೆದಿರಬೇಕು. ಬಿದ್ದು ತಲೆಗೆ ಪೆಟ್ಟಾದಾಗ ಅಥವಾ ಪಾರ್ಶ್ವವಾಯು ಬಡಿದಾಗ ಎಲ್ಲ ತೀರ್ಮಾನಗಳೂ ಈ ಒಂದು ಸಾಲಿನ ಮೇಲೆ ನಿಲ್ಲುತ್ತವೆ. ಗಾಡಿ ಬರುವ ಮುನ್ನ ನಾಲಿಗೆ ಕೆಳಗೆ ಎದೆನೋವಿನ ಮಾತ್ರೆ ಸಾರ್ಬಿಟ್ರೇಟ್ ಇಟ್ಟಿದ್ದರೆ ಅದನ್ನೂ, ಇಟ್ಟ ಹೊತ್ತನ್ನೂ ಹೇಳಬೇಕು. ಅದು ರಕ್ತದೊತ್ತಡವನ್ನು ಇಳಿಸುತ್ತದೆ.

ಪಾರ್ಶ್ವವಾಯುವಿನ ಸಂದರ್ಭದಲ್ಲಿ ಅವರು ಬಿಡದೆ ಕೇಳುವುದು, ರೋಗಿ ಎಂದಿನಂತೆ ಇದ್ದದ್ದನ್ನು ಕೊನೆಯ ಬಾರಿ ಯಾರು, ಯಾವಾಗ ನೋಡಿದರು ಎಂದು. 'ಬೆಳಗ್ಗೆ ಏಳುವಾಗಲೇ ಹೀಗಿತ್ತು' ಎಂದರೆ ಹಿಂದಿನ ರಾತ್ರಿ ಮಲಗಿದ ಹೊತ್ತನ್ನು ಹೇಳಬೇಕು. ರಕ್ತದ ಹೆಪ್ಪು ಕರಗಿಸುವ ಮದ್ದು ಕೊಡಬಹುದೇ ಇಲ್ಲವೇ ಎಂಬುದು ಆ ಗಂಟೆಯಿಂದ ಎಣಿಸಿದ ಅವಧಿಯ ಮೇಲೆ ನಿಂತಿದೆ.

ಯಾವ ಆಸ್ಪತ್ರೆ ಎಂಬುದು ರೋಗಿಯ ಇಷ್ಟಕ್ಕೆ ಒಂದು ಮಟ್ಟದವರೆಗೆ ಮಾತ್ರ ಬಿಟ್ಟದ್ದು. ವಾಷಿಂಗ್ಟನ್ ರಾಜ್ಯ 1990ರ ಕಾನೂನಿನಿಂದ ಅಪಘಾತದ ಗಾಯಗಳಿಗೂ, 2010ರ ಕಾನೂನಿನಿಂದ ಹೃದಯ ಮತ್ತು ಪಾರ್ಶ್ವವಾಯುವಿಗೂ ಆಸ್ಪತ್ರೆಗಳನ್ನು ದರ್ಜೆಗಳಾಗಿ ಗುರುತಿಸುವ ಏರ್ಪಾಡು ಮಾಡಿಕೊಂಡಿದೆ. ಭಾರೀ ಪೆಟ್ಟಾದವರನ್ನು ಬೆಲ್‌ವ್ಯೂನ ಓವರ್‌ಲೇಕ್ ಅಥವಾ ಕರ್ಕ್‌ಲ್ಯಾಂಡಿನ ಎವರ್‌ಗ್ರೀನ್ ಎಷ್ಟು ಹತ್ತಿರವಿದ್ದರೂ ಅವನ್ನು ದಾಟಿ, ಅತ್ಯುನ್ನತ ದರ್ಜೆಯ ಗಾಯ ಚಿಕಿತ್ಸಾ ಕೇಂದ್ರವಾದ ಹಾರ್ಬರ್‌ವ್ಯೂಗೆ ಒಯ್ಯಬಹುದು. ಸ್ಥಿತಿ ಗಂಭೀರವಲ್ಲದಿದ್ದರೆ ನಿಮ್ಮ ವಿಮೆಗೆ ಒಗ್ಗುವ ಆಸ್ಪತ್ರೆಯನ್ನು ಕೇಳಿನೋಡಬಹುದು. ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕರು ಚಿಕಿತ್ಸೆಯೂ ಬೇಡ, ಆಸ್ಪತ್ರೆಯೂ ಬೇಡ ಎನ್ನಲು ಸ್ವತಂತ್ರರು. ವಾಸಿಯಾಗದ ಕಾಯಿಲೆಯವರು ಕೊನೆಗಾಲದಲ್ಲಿ ಎದೆ ಒತ್ತುವುದು ಬೇಡವೆಂದು ತೀರ್ಮಾನಿಸಿದ್ದರೆ, ವೈದ್ಯರ ಸಹಿಯಿರುವ ಪೋಲ್ಸ್ಟ್ ಎಂಬ ಹಾಳೆಯನ್ನು ಕಣ್ಣಿಗೆ ಬೀಳುವಲ್ಲಿ ಇಡಬೇಕು. ಮನೆಯವರ ಬಾಯಿಮಾತಿಗೆ ಆ ಹಾಳೆಯ ತೂಕ ಇರುವುದಿಲ್ಲ.

ಹಣ ಎಲ್ಲಿಂದ ಬರುತ್ತದೆ, ಬಿಲ್ಲು ಎಲ್ಲಿಗೆ ಹೋಗುತ್ತದೆ

ಮೆಡಿಕ್ ಒನ್ ವ್ಯವಸ್ಥೆಯ ಬೆನ್ನೆಲುಬು ಆಸ್ತಿ ತೆರಿಗೆಯ ಜೊತೆಗೆ ಹಾಕುವ ಒಂದು ವಿಶೇಷ ಲೆವಿ, ಅಂದರೆ ಹೆಚ್ಚುವರಿ ತೆರಿಗೆ. 1979ರಲ್ಲಿ ಮತದಾರರು ಮೊದಲ ಬಾರಿಗೆ ಇದಕ್ಕೆ ಒಪ್ಪಿದರು. ಅವಧಿ ಮುಗಿದಂತೆಲ್ಲ ಮತ್ತೆ ಜನರ ಮುಂದೆ ಹೋಗಿ ಕೇಳಬೇಕು. 2020ರಿಂದ 2025ರ ಅವಧಿಗೆ ಆರಂಭದ ದರ ಆಸ್ತಿ ಮೌಲ್ಯದ ಪ್ರತಿ ಸಾವಿರ ಡಾಲರಿಗೆ 26.5 ಸೆಂಟು ಇತ್ತು. ಆ ದರದಲ್ಲಿ ಎಂಟು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 212 ಡಾಲರ್. 2025ರ ನವೆಂಬರಿನಲ್ಲಿ ಮತದಾರರು 2026ರಿಂದ ಮತ್ತೆ ಆರು ವರ್ಷಕ್ಕೆ, 25 ಸೆಂಟಿನ ದರಕ್ಕೆ ಒಪ್ಪಿಗೆ ಕೊಟ್ಟರು. ಈ ಹಣ ಮೆಡಿಕ್ ಘಟಕಗಳಿಗೆ ಮೊದಲು ಹೋಗುತ್ತದೆ; ಇಎಂಟಿಗಳ ಖರ್ಚಿನಲ್ಲಿ ಒಂದು ಪಾಲನ್ನಷ್ಟೇ ಇದು ತುಂಬುತ್ತದೆ, ಉಳಿದದ್ದನ್ನು ನಗರಗಳೂ ಅಗ್ನಿಶಾಮಕ ಜಿಲ್ಲೆಗಳೂ ತಮ್ಮ ತೆರಿಗೆಯಿಂದ ಭರಿಸುತ್ತವೆ. ಸಿಯಾಟಲ್ ತನ್ನ ಪಾಲನ್ನು ನೇರವಾಗಿ ಪಡೆಯುತ್ತದೆ. ಜನರ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದು ಯಾರೂ ನಿಶ್ಚಿಂತರಾಗಿರುವಂತಿಲ್ಲ: 1997ರ ನವೆಂಬರಿನಲ್ಲಿ ಆಗ ಬೇಕಾಗಿದ್ದ ಶೇಕಡಾ 60ರ ಬಹುಮತ ಸಿಗದೆ ಪ್ರಸ್ತಾಪ ಬಿದ್ದುಹೋಗಿ, ಮರುವರ್ಷದ ಆರಂಭದಲ್ಲಿ ಮತ್ತೆ ಮತ ಕೇಳಬೇಕಾಯಿತು. ಜೀವ ಉಳಿಸುವ ಸೇವೆಯನ್ನು ಹೀಗೆ ಆರು ವರ್ಷಕ್ಕೊಮ್ಮೆ ಮತಪೆಟ್ಟಿಗೆಯ ಮುಂದೆ ನಿಲ್ಲಿಸುವುದು ಸರಿಯೇ ಎಂದು ಕೇಳಬಹುದು. ಆದರೆ ಲೆಕ್ಕಪತ್ರ ಇಷ್ಟು ಬಿಚ್ಚಿಟ್ಟು ನಡೆಯುವುದಕ್ಕೆ ಆ ಹೆದರಿಕೆಯೂ ಒಂದು ಕಾರಣ ಎಂದೇ ನನ್ನ ಎಣಿಕೆ. ಮನೆ ಕೊಂಡವರು ವರ್ಷಕ್ಕೊಮ್ಮೆ ಬರುವ ತೆರಿಗೆ ಚೀಟಿಯಲ್ಲಿ ಇಎಂಎಸ್ (ತುರ್ತು ವೈದ್ಯಕೀಯ ಸೇವೆ) ಎಂಬ ಸಾಲನ್ನು ಹುಡುಕಿ ನೋಡಬಹುದು.

ತೆರಿಗೆ ಕಟ್ಟಿದ್ದೇವೆ ಎಂದ ಮಾತ್ರಕ್ಕೆ ಬಿಲ್ಲೇ ಬರುವುದಿಲ್ಲ ಎಂದುಕೊಳ್ಳಬಾರದು. ಖಾಸಗಿ ಆಂಬುಲೆನ್ಸ್ ಆಸ್ಪತ್ರೆಗೆ ಒಯ್ದರೆ ಅದು ಬಿಲ್ಲು ಕಳುಹಿಸುತ್ತದೆ, ಕೆಲವು ಅಗ್ನಿಶಾಮಕ ದಳಗಳೂ ತಮ್ಮ ವಾಹನದಲ್ಲಿ ಒಯ್ದದ್ದಕ್ಕೆ ವಿಮೆಗೆ ಬಿಲ್ಲು ಹಾಕುತ್ತವೆ. ವಿಮೆ ಕೊಟ್ಟು ಉಳಿದ ಬಾಕಿಯನ್ನು ರೋಗಿಯ ತಲೆಗೆ ಕಟ್ಟಬಾರದೆಂದು ವಾಷಿಂಗ್ಟನ್ ರಾಜ್ಯ 2025ರ ಜನವರಿಯಿಂದ ರಸ್ತೆ ಆಂಬುಲೆನ್ಸ್‌ಗಳಿಗೂ ನಿಯಮ ಮಾಡಿದೆ, ಆದರೆ ಅದು ರಾಜ್ಯದ ನಿಯಂತ್ರಣಕ್ಕೆ ಒಳಪಟ್ಟ ವಿಮೆಗಳ ಮಾತು. ಊರಿನಿಂದ ಬಂದವರಿಗೆ ಕೊಳ್ಳುವ ಪ್ರವಾಸಿ ವಿಮೆ ಬೇರೆ ಬಗೆಯದು: ಆಂಬುಲೆನ್ಸಿಗೆ ಎಷ್ಟು ಮಿತಿ, ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೆ ಕೊಡುತ್ತಾರೆಯೇ ಎಂಬ ಎರಡು ಕಲಮುಗಳನ್ನು ಕೊಳ್ಳುವ ಮೊದಲೇ ಓದಬೇಕು. ಹಣದ ಅಂಜಿಕೆಯಿಂದ ಕರೆ ಮಾಡುವುದನ್ನು ಮುಂದೂಡಬೇಕಾಗಿಲ್ಲ. ಗಾಡಿ ಬಂದು ನೋಡಿ ಹೋದದ್ದಕ್ಕಿಂತ ಆಸ್ಪತ್ರೆಗೆ ಒಯ್ದದ್ದಕ್ಕೇ ಸಾಮಾನ್ಯವಾಗಿ ಬಿಲ್ಲು, ಮತ್ತು 1986ರ ಕೇಂದ್ರ ಕಾನೂನಿನಂತೆ ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಪರೀಕ್ಷಿಸದೆ ಹಿಂದೆ ಕಳುಹಿಸುವಂತಿಲ್ಲ.

ಮೊದಲೇ ಮಾಡಿಡಬೇಕಾದದ್ದು

ಸಿಪಿಆರ್ ತರಗತಿಗಳನ್ನು ಅನೇಕ ಅಗ್ನಿಶಾಮಕ ದಳಗಳು ನಡೆಸುತ್ತವೆ. ಕನ್ನಡ ಕೂಟಗಳು ಒಂದು ಭಾನುವಾರ ಹಿರಿಯರನ್ನೂ ಕೂರಿಸಿಕೊಂಡು ಇದನ್ನು ಏರ್ಪಡಿಸಬಹುದು. ದೇವಸ್ಥಾನ, ಸಂಘದ ಸಭಾಂಗಣಗಳಿಗೆ ಎಇಡಿ ಕೊಂಡರೆ, ಅದು ಎಲ್ಲಿದೆ ಎಂಬುದನ್ನು ಸ್ಥಳೀಯ ತುರ್ತು ಸೇವೆಗೆ ತಿಳಿಸಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಹಾಗೆ ನೋಂದಾಯಿಸಿದ ಯಂತ್ರವಿದ್ದರೆ ಡಿಸ್ಪ್ಯಾಚರ್ ಕರೆ ಮಾಡಿದವರಿಗೆ ಅದರ ಜಾಗವನ್ನು ಹೇಳಲು ಸಾಧ್ಯವಾಗುತ್ತದೆ. ಪಲ್ಸ್‌ಪಾಯಿಂಟ್ ಎಂಬ ಆ್ಯಪ್ ಹಾಕಿಕೊಂಡವರಿಗೆ ಹತ್ತಿರದ ಸಾರ್ವಜನಿಕ ಸ್ಥಳದಲ್ಲಿ ಯಾರಿಗಾದರೂ ಹೃದಯ ನಿಂತಾಗ ಸೂಚನೆ ಬರುತ್ತದೆ. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ.

ಕೌಂಟಿಯ ಗಡಿಯ ಬಗ್ಗೆ ಒಂದು ಮಾತು. ಬಾಥೆಲ್ ನಗರ ಕಿಂಗ್ ಮತ್ತು ಸ್ನೋಹೋಮಿಶ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಪಕ್ಕದ ಕೌಂಟಿಗೆ ಅದರದೇ ವೈದ್ಯಕೀಯ ನಿರ್ದೇಶಕರು, ಅದರದೇ ಕೇಂದ್ರ, ಅದರದೇ ತೆರಿಗೆ. ಇಲ್ಲಿ ಹೇಳಿದ ಎರಡು ದರ್ಜೆಯ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಅನ್ವಯಿಸಲಾಗದು, ಆದರೆ 911 ಸಂಖ್ಯೆಯೂ ಪ್ರಜ್ಞೆ, ಉಸಿರಿನ ಬಗ್ಗೆ ಫೋನಿನಲ್ಲಿ ಕೇಳುವ ಎರಡು ಪ್ರಶ್ನೆಗಳೂ ಬದಲಾಗುವುದಿಲ್ಲ.

ಬೇಸಿಗೆಯ ವಾರಾಂತ್ಯದಲ್ಲಿ ಮೌಂಟ್ ಸೈ, ರ್‍ಯಾಟಲ್‌ಸ್ನೇಕ್ ಲೆಡ್ಜ್ ಹತ್ತುವವರಿಗೆ ಬೇಕಾದ ವಿಷಯವೆಂದರೆ, ಕಾಡುದಾರಿಯಲ್ಲಿ ಸಿಕ್ಕಿಕೊಂಡವರನ್ನು ಹುಡುಕಿ ತರುವ ಹೊಣೆ ಕೌಂಟಿಯ ಶೆರಿಫರದು. ಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ತರಬೇತಿ ಪಡೆದ ಸ್ವಯಂಸೇವಕರು. ಅದಕ್ಕೂ ಸಂಖ್ಯೆ 911. ಮಾತಾಡುವಷ್ಟು ಸಿಗ್ನಲ್ ಇಲ್ಲದ ಕಡೆ ಕೆಲವೊಮ್ಮೆ ಸಂದೇಶ ಹೋಗುತ್ತದೆ, ಮತ್ತು 2018ರ ಕೊನೆಯಿಂದ ಕಿಂಗ್ ಕೌಂಟಿಯಲ್ಲಿ 911ಕ್ಕೆ ಸಂದೇಶ ಕಳುಹಿಸುವ ಅನುಕೂಲವಿದೆ. ಚಿತ್ರ, ಇಮೋಜಿ ಸೇರಿಸದೆ, ಸರಳ ಇಂಗ್ಲಿಷಿನಲ್ಲಿ, ಮೊದಲ ಸಾಲಿನಲ್ಲೇ ದಾರಿಯ ಹೆಸರು, ಎಷ್ಟು ದೂರ ಹತ್ತಿದ್ದೀರಿ, ಏನಾಗಿದೆ ಎಂದು ಬರೆದು, ಫೋನಿನ ಬ್ಯಾಟರಿ ಉಳಿಸಿಕೊಂಡು, ಅಲ್ಲಿಂದ ಕದಲದೆ ಕಾಯಬೇಕು.